ಸಾಹೇಬ್ರ ಮಗನ ಕಾರ್ಯ, ನನ್ನ ಕರಾರು

ಮಾನ ಹೋಗೂ ಪ್ರಸಂಗ ಹುಡುಕ್ಕೊಂಡು ಹೋಗೂದು ಬೇಕಾಗಿಲ್ಲರಿ. ನನ್ನ ಮನಿ ಅವಕ್ಕ ಗೊತ್ತೈತಿ, ತಾವ ಬರ್ತಾವ. ಮಂದಿ ವಯಸ್ಸಾದ ಮ್ಯಾಲ ಹಳೇದು ನೆನಸ್ಕೊಂಡು ನಗ್ತಾರ. ನಾ ನೆನಸ್ಕೊಂಡ್ರ ಇನ್ನೂ ಕಿವಿ ಬಿಸಿ ಆಗ್ತಾವ. ಈಗ ಏಕೀಕರಣ ಆಗಿ ನಮ್ಮ ಊರು ಎಲ್ಲಾ ಒಂದ ರಾಜ್ಯಕ್ಕ ಸೇರ್ಯಾವ, ಖರೆ. ಆದ್ರೂ ಗದಗ ಸ್ಟೇಷನ್ ಮುಂದ ಹಾದು ಹೋಗಬೇಕಾದ್ರ ಇವತ್ತಿಗೂ ನಾ ಟೊಪಿಗಿ ಸ್ವಲ್ಪ ಮುಂದಕ್ಕ ಎಳಕೊಂತೀನಿ.

ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾ ಅವಾಗ ಸ್ಟೇಷನ್ನಿನ ಗೂಡ್ಸ್ ಆಫೀಸಿನ್ಯಾಗ ಕಾರಕೂನ. ಹೊಂಬಳದ ರೈತರ ಮಗ. ಹತ್ತಿ ಅಂಡಿಗಿ, ಶೇಂಗಾ ಚೀಲ ಎಣಿಸಿ ಬರಕೊಳ್ಳೂದು ನನ್ನ ಕೆಲಸ. ನಮ್ಮ ಸಾಹೇಬ್ರು ಕೊಂಕಣದ ಕಡಿಯವರು. ಮನಿ ಮಾತು ಮರಾಠಿ, ಧರ್ಮ ಯಹೂದಿ. ಅವರ ಹಿರೇರು ಗಾಣ ಹಾಕೂ ಮಂದಿ ಅಂತ, ಶನಿವಾರ ಬಂತಂದ್ರ ಗಾಣ ನಿಲ್ಲಿಸಿಬಿಡ್ತಿದ್ರಂತ. ಇಡೀ ಗದಗ-ಬೆಟಗೇರಿಯೊಳಗ ಅವರದು ಒಂದ ಮನಿ. ಭಾಳ ಶಾಂತ ಮನಶಾ. ನಾ ಒಮ್ಮೆ ಹುಬ್ಬಳ್ಳಿಗೆ ಹೋಗೂ ಹತ್ತಿ ಬಳ್ಳಾರಿಗೆ ಕಳಿಸಿದಾಗ, ಮ್ಯಾಲಿನವರ ಮುಂದ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡು ನನ್ನ ನೌಕರಿ ಉಳಿಸಿದವರು.

ಒಂದಿನ ಕರದು ಹೇಳಿದ್ರು: "ನನ್ನ ಮಗಗ ಹದಿಮೂರು ತುಂಬತೈತಿ. ನಮ್ಮಾಗ ಬಾರ್ ಮಿತ್ಸ್ವಾ ಅಂತ ಒಂದು ಕಾರ್ಯ ಮಾಡ್ತೀವಿ. ಶನಿವಾರ ಮುಂಜಾನೆ ಹುಡುಗ ಹಿರೇರ ಮುಂದ ನಿಂತು ನಮ್ಮ ಧರ್ಮಗ್ರಂಥ ಓದಬೇಕು. ಅದಕ್ಕ ನಮ್ಮ ಮಂದಿ ಹತ್ತು ಗಂಡಸರು ಕೂಡಬೇಕು. ಹತ್ತು ಆಗಲಿಲ್ಲಂದ್ರ ಗ್ರಂಥ ತಗಿಯಂಗಿಲ್ಲ. ನಮ್ಮವ್ವಗ ಕಣ್ಣಿಗೆ ಪೊರಿ ಬಂದೈತಿ, ಎದಿ ಬ್ಯಾನಿ ಐತಿ. ಮುಂಬೈ ತನಕಾ ಪ್ರಯಾಣ ಮಾಡೂ ಶಕ್ತಿ ಇಲ್ಲ. ಮೊಮ್ಮಗ ಓದೂದು ಕೇಳಿದ ಮ್ಯಾಲ ಸತ್ರೂ ಚಿಂತಿಲ್ಲ ಅಂತ ಕುಂತಾಳ. ಅದಕ್ಕ ಮಂದೀನ್ನ ಇಲ್ಲಿಗೇ ಕರಸ್ತೀನಿ. ರವಿವಾರ ಊರವರಿಗೆ ಊಟ. ಹಂದರ, ಅಡಗಿ, ಸನಾದಿ ಮ್ಯಾಳ, ಟಾಂಗಾ, ಇವರ ಕೂಡ ಕರಾರು ಮಾಡೂದು ನಿನ್ನ ಪಾಲಿಗೆ. ನಮ್ಮ ರೀತಿ ರಿವಾಜು ನಿನಗ ಗೊತ್ತಾ, ಇಲ್ಲಾ ಹೇಳ್ಲ್ಯಾ?"

"ಗೊತ್ತೈತ್ರಿ ಸಾಹೇಬ್ರ" ಅಂದೆ.

ಯಹೂದಿ ಅನ್ನೂ ಶಬ್ದ ನಾ ಮೊದಲ ಸಲ ಕೇಳಿದ್ದ ಅವರು ಗದಗಿಗೆ ವರ್ಗ ಆಗಿ ಬಂದ ಮ್ಯಾಲ. ಆದ್ರ ಗೊತ್ತಿಲ್ಲ ಅನ್ನಾಕ ನನ್ನ ನಾಲಿಗಿ ಒಪ್ಪಂಗಿಲ್ಲ. ಹುಟ್ಟು ಗುಣ. ನಮ್ಮವ್ವ ಹೇಳ್ತಿದ್ಲು, "ಇವಗ ಬಾಂವಿ ಆಳ ಎಷ್ಟು ಅಂತ ಕೇಳಬ್ಯಾಡ್ರಿ, ಬಿದ್ದಾದ್ರೂ ತೋರಸ್ತಾನ, ಗೊತ್ತಿಲ್ಲ ಅನ್ನಂಗಿಲ್ಲ" ಅಂತ.

ರಾಜಾ ಹೋದ, ಹಂದರ ಹೋತು

ಹಂದರ ಹಾಕೂದ್ರಾಗ ಲಕ್ಷ್ಮೇಶ್ವರದವರು ಗಟ್ಟಿ. ಅಲ್ಲಿಗೆ ಹೋದೆ. ಲಕ್ಷ್ಮೇಶ್ವರ ಅವಾಗಿನ್ನೂ ಸಂಸ್ಥಾನ, ರಾಜಾರದು. ಹಂದರದವ ನಡುವಯಸ್ಸಿನ ಮನಶಾ, ದೊಡ್ಡ ಮೀಸಿ, ಮಾತು ಕಡಿಮಿ. ತಾರೀಖು ಕೇಳಿದ, ಜಾಗಾ ಕೇಳಿದ, "ಆತ್ರಿ, ಬರ್ತೀನಿ" ಅಂದು ಕೈ ಮುಂದ ಚಾಚಿದ. ಎಲಿ ಅಡಿಕಿ ಇಸಗೊಳ್ಳಾಕ. ನಮ್ಮ ಕಡಿ ಮಾತು ಗಟ್ಟಿ ಆಗೂದು ಹಂಗ. ಎಲಿ ಅಡಿಕಿ ಕೈಯಾಗ ಬಿತ್ತಂದ್ರ ಮುಗೀತು.

ನಾ ಎಲಿ ಅಡಿಕಿ ಕೊಡಲಿಲ್ಲ. ನಾ ಏನು ಹಳ್ಳಿಗಮಾರನ? ರೈಲ್ವೆ ಕಾರಕೂನ! ಅಲ್ಲೇ ಸಂಸ್ಥಾನದ ಮುದ್ರಿ ಇದ್ದ ಕಾಗದ ಕೊಂಡು, ಹದಿನಾರು ಕಲಮು ಬರದು, ಓದಿ ಹೇಳಿದೆ. ಒಂಬತ್ತನೇ ಕಲಮು, ಗಾಳಿ ಬಿಟ್ಟು ಹಂದರ ಅಲುಗಾಡಿದರೆ ಹಂದರದವನೇ ಜವಾಬ್ದಾರನು.

ಅವ ಕೇಳಿದ, "ಯಜಮಾನ್ರ, ಗಾಳಿ ಕೂಡ ಬ್ಯಾರೆ ಕರಾರು ಮಾಡೀರೇನು?"

"ಹೆಬ್ಬಟ್ಟು ಒತ್ತು" ಅಂದೆ. ಒತ್ತಿದ.

ಎರಡು ಮೂರು ತಿಂಗಳು ಹೋತು. ನಡುವ ಸಂಸ್ಥಾನ ವಿಲೀನ ಆತು, ರಾಜಾರು ರಾಜ್ಯ ಬಿಟ್ಟುಕೊಟ್ರು. ಲಕ್ಷ್ಮೇಶ್ವರ, ಶಿರಹಟ್ಟಿ ಎಲ್ಲಾ ನಮ್ಮ ಗದಗಿನಂಗ ಮುಂಬೈ ಸರಕಾರಕ್ಕ ಸೇರಿದ್ವು. ಕಾರ್ಯಕ್ಕ ವಾರ ಇದ್ದಾಗ ಹಂದರದವನ ಕಡಿ ಹೋದೆ.

"ಏನಪಾ, ಗಳ ಯಾವತ್ತ ತರ್ತಿ?"

"ಯಾತರ ಗಳರಿ?"

"ಕರಾರು ಐತೆಲ್ಲೋ!"

"ಇತ್ತರಿ. ಕಾಗದದ ಮ್ಯಾಲ ಯಾರ ಮುದ್ರಿ?"

"ನಿಮ್ಮ ರಾಜಾರದು."

"ನಮ್ಮ ರಾಜಾರ ರಾಜ್ಯಾನ ನಿಂದ್ರಲಿಲ್ಲ. ನಿಮ್ಮ ಹಂದರ ಹೆಂಗ ನಿಂದರತೈತ್ರಿ?"

ನಾ ಕಾಯ್ದೆ ಮಾತಾಡಿದೆ, ಕೋರ್ಟು ಅಂದೆ, ವಕೀಲ ಅಂದೆ. ಅವ ಬೀಡಿ ಹಚ್ಚಿಕೊಂಡು ಎಲ್ಲಾ ಕೇಳಿದ. ಆಮ್ಯಾಲ ಹೇಳಿದ: "ಅವತ್ತ ಎಲಿ ಅಡಿಕಿ ಕೊಟ್ಟಿದ್ರ ರಾಜಾ ಹೋಗಲಿ, ಯಮರಾಜಾ ಬರಲಿ, ನಾ ಬರ್ತಿದ್ದೆ. ಎಲಿ ಅಡಿಕಿಗೆ ಯಾರ ಮುದ್ರೀನೂ ಬೇಕಾಗಿಲ್ಲ. ನಮ್ಮಪ್ಪ ನಲವತ್ತು ವರ್ಷ ಹಂದರ ಹಾಕಿದ, ಒಬ್ರೂ ಅವನ ಹೆಬ್ಬಟ್ಟು ಕೇಳಲಿಲ್ಲ. ನೀವು ಕಳ್ಳಂದು ಒತ್ತಿಸಿದಂಗ ಒತ್ತಿಸಿದ್ರಿ. ನಾಕು ದಿನ ಮಸಿ ಹೋಗಲಿಲ್ಲ, ನಮ್ಮ ಮನಿಯಾಕಿ ಏನು ತಪ್ಪು ಮಾಡಿ ಬಂದ್ರಿ ಅಂತ ಕೇಳಿದ್ಲು."

ನಾಚಿಕ್ಯಾತು. ಖರೇನ ನಾಚಿಕ್ಯಾತು. ಪ್ಯಾಟ್ಯಾಗ ಹೋಗಿ ಒಂದು ಕಟ್ಟು ಎಲಿ, ಅಡಿಕಿ ತಂದು ಎರಡೂ ಕೈಲೆ ಕೊಟ್ಟೆ. ಅವ ಹಣಿಗೆ ಒತ್ತಿಕೊಂಡ. ನನ್ನ ಹದಿನಾರು ಕಲಮಿನ ಕಾಗದಾನೂ ಇಸಗೊಂಡ, ಬೆರಳಾಗ ತಿಕ್ಕಿ ನೋಡಿದ, ನಾಕು ಮಡಿಕಿ ಮಾಡಿ ಅದ್ರಾಗ ಸುಣ್ಣ ಕಟ್ಟಿಕೊಂಡ.

"ಕಾಗದ ಛಲೋ ದಪ್ಪ ಐತ್ರಿ ಯಜಮಾನ್ರ" ಅಂದ, "ಸುಣ್ಣ ಸೋರಂಗಿಲ್ಲ."

ಮುಂಜಿವಿ ಅಂದದ್ದು

ಹಂಗ ಬುದ್ಧಿ ಬಂದು, ಉಳದವರಿಗೆಲ್ಲಾ ಎಲಿ ಅಡಿಕಿ ಕೊಟ್ಟ ಕರಾರು ಮಾಡಿದೆ. ಎಲಿ ಅಡಿಕಿ ಕರಾರಿನ್ಯಾಗ ಕಲಮು ಇರಂಗಿಲ್ಲ. ಕಾರ್ಯದ ಹೆಸರು ಒಂದು ಹೇಳಿದ್ರ ಆತು. ಮದವಿ ಅಂದ್ರ ಯಾರು ಏನು ತರಬೇಕು, ಯಾವಾಗ ಬರಬೇಕು, ಎಲ್ಲಾ ಅದರಾಗ ಬಂತು. ತೊಟ್ಟಲಾ ಅಂದ್ರ ಬ್ಯಾರೆ. ಸತ್ತದ್ದಕ್ಕ ಬ್ಯಾರೆ.

"ಏನು ಕಾರ್ಯರಿ?" ಅಂತ ಅವರು ಕೇಳೂದು, "ಬಾರ್ ಮಿತ್ಸ್ವಾ" ಅಂತ ನಾ ಅನ್ನೂದು, ಎಲಿಗೆ ಚಾಚಿದ ಕೈ ಹಿಂದ ಸರಿಯೂದು. ಶಿರಹಟ್ಟಿ ಅಡಗಿಯವ ಅಂತೂ, "ನಾ ಎಂದೂ ಕೇಳದ ಕಾರ್ಯಕ್ಕ ಸೌಟು ಹಿಡಿಯಂಗಿಲ್ಲ" ಅಂದುಬಿಟ್ಟ. ನಾ ಆದ್ರೂ ಏನು ಅಂತ ಬಿಡಿಸಿ ಹೇಳ್ಲಿ? ನನಗೂ ಗೊತ್ತಿರಲಿಲ್ಲ. ಸಾಹೇಬ್ರನ್ನ ಕೇಳಬಹುದಿತ್ತು. ಆದ್ರ ಗೊತ್ತೈತ್ರಿ ಅಂದಾಗಿತ್ತಲ್ಲ. "ಮುಂಜಿವಿ ಅಂತ ತಿಳಕೊಳ್ರಿ" ಅಂದೆ. ಎಲ್ಲಾರ ಮಾರಿ ಅರಳಿತು. ಎಲಿ ಇಸಗೊಂಡ್ರು.

ಶುಕ್ರವಾರ ಮುಂಜಾನೆ ಸಾಹೇಬ್ರ ಮನಿ ಹಿತ್ತಲದಾಗ ಕ್ಷೌರ ಮಾಡೂ ಹಡಪದ ಬಂದು ಕುಂತಿದ್ದ. ನಾ ಅವಗ ಎಲಿ ಕೊಟ್ಟಿರಲಿಲ್ಲ. ಆದ್ರ ಮುಂಜಿವಿ ಅಂದ ಮ್ಯಾಲ ಹಡಪದನ್ನ ಯಾರೂ ಕರೀಬೇಕಾಗಿಲ್ಲ, ಅದು ಅವನ ಹಕ್ಕು. ಶನಿವಾರ ಕತ್ತಿ ಮುಟ್ಟಂಗಿಲ್ಲ ಅಂತ ಒಂದಿನ ಮೊದಲ ಬಂದಿದ್ದ. ಹುಡುಗ, ಕಾರ್ಯಕ್ಕ ಅಪ್ಪ ಕಟಿಂಗ್ ಮಾಡಸಾಕ ಹೇಳ್ಯಾನ ಅಂತ ತಿಳಕೊಂಡು ಖುಷಿಲೆ ಮುಂದ ಕುಂತ. ನಾನೂ ಇದು ಅವರ ಪದ್ಧತಿ ಇರಬೇಕು ಅಂದ್ಕೊಂಡೆ.

"ತಲಿ ಗಟ್ಟಿ ಹಿಡೀರಿ" ಅಂದ ಹಡಪದ. ಹಿಡದೆ. ಎಂಥಾ ಗುಂಗುರು ಕೂದಲರಿ ಅವು! ಹಣಿಯಿಂದ ನೆತ್ತಿ ತನಕಾ ಒಂದು ಸಲ ಕತ್ತಿ ಆಡಿತು.

ಅಷ್ಟ್ರಾಗ ಅಜ್ಜಿ ಗ್ವಾಡಿ ಹಿಡಕೊಂತ ಹಿತ್ತಲಕ್ಕ ಬಂದ್ರು. ಮುಂಜಾನೆ ಮೊಮ್ಮಗನ ತಲಿ ಮ್ಯಾಲ ಕೈ ಇಟ್ಟು ಆಶೀರ್ವಾದ ಮಾಡೂದು ಅವರ ರೂಢಿ. ಕಣ್ಣು ಕಾಣ್ತಿರಲಿಲ್ಲ, ಕೈ ಇಟ್ರು. ಕೈ ಅಲ್ಲೇ ನಿಂತಿತು. ಬೆರಳು ಹಿಂದಕ್ಕ ಹೋತು, ಮುಂದಕ್ಕ ಬಂತು, ಮತ್ತ ಹಿಂದಕ್ಕ ಹೋತು.

"ಇದೇನು?" ಅಂದ್ರು ಮರಾಠಿಯೊಳಗ. ಅಜ್ಜಿಗೆ ಕನ್ನಡ ಬರ್ತಿರಲಿಲ್ಲ.

"ಗಡಿಬಿಡಿ ಮಾಡಬ್ಯಾಡ್ರಿ ಅವ್ವಾರ" ಅಂದ ಹಡಪದ, "ಇನ್ನೂ ಜುಟ್ಟು ಬಿಡೂದು ಐತ್ರಿ."

ಆಮ್ಯಾಲ ಆದ ಗದ್ದಲ ಹೇಳಂಗಿಲ್ಲ. ಹುಡುಗ ಅಳಾಕ ಹತ್ತಿದ. ಸಾಹೇಬ್ರು ಓಡಿ ಬಂದ್ರು, ಮಗನ ತಲಿ ನೋಡಿದ್ರು, ನನ್ನ ನೋಡಿದ್ರು. ಬೈದಿದ್ರ ಛಲೋ ಇತ್ತು, ಬೈಲಿಲ್ಲ. "ಹೋಗ್ಲಿ ಬಿಡು, ನಮ್ಮಾಗ ಓದೂವಾಗ ತಲಿ ಮ್ಯಾಲ ಟೊಪಿಗಿ ಇರತೈತಿ" ಅಂದ್ರು. ನನಗ ಭೂಮಿ ಬಾಯಿ ಬಿಡಬಾರದ ಅನ್ನಿಸ್ತು.

ಅಜ್ಜಿ ಮಾತ್ರ ನನ್ನ ಹತ್ರ ಬಂದು ಮೆಲ್ಲಕ ಕೇಳಿದ್ರು, "ನಿಮ್ಮಾಗ ಹಿಂಗ ನಡುವಷ್ಟ ಬೋಳಸ್ತಾರೇನಪಾ?"

"ಹೌದ್ರಿ" ಅಂದೆ. ಅದಕ್ಕೂ ಗೊತ್ತಿಲ್ಲ ಅನ್ನಲಿಲ್ಲ.

ಎಂಟು ಮಂದಿ ಇಳದ್ರು

ಅವತ್ತ ಮಧ್ಯಾಹ್ನದ ಗಾಡಿಗೆ ಸಾಹೇಬ್ರ ಮಂದಿ ಬರೂದಿತ್ತು. ಒಂದು ಟಾಂಗಾ ನಿಲ್ಲಿಸ್ಕೊಂಡು ಪ್ಲಾಟ್‌ಫಾರ್ಮಿನ್ಯಾಗ ನಿಂತು ಎಣಿಸಿದೆ. ಎಣಿಸೂದು ನನ್ನ ಉದ್ಯೋಗ ಅಲ್ಲೇನು? ಹತ್ತು ಗಂಡಸರು ಬೇಕು. ಸಾಹೇಬ್ರು ಒಬ್ರು ಮನ್ಯಾಗ ಅದಾರ. ಅಂದ್ರ ಗಾಡಿಯಿಂದ ಒಂಬತ್ತು ಇಳೀಬೇಕು. ಮಕಮಲ್ಲಿನ್ಯಾಗ ಸುತ್ತಿದ ಗ್ರಂಥ ಎದಿಗೆ ಅವಚಿಕೊಂಡು ಒಬ್ರು ಹಿರೇರು ಇಳದ್ರು. ಅವರ ಹಿಂದ ಏಳು ಮಂದಿ. ಗಾಡಿ ಸೀಟಿ ಹಾಕಿ ಹೋತು.

ಎಂಟ ಮಂದಿ! ಒಬ್ರು ಕಡಿಮಿ. ಟಾಂಗಾದವ ಎರಡು ಸರತಿ ಮನಿಗೆ ಬಿಟ್ಟು ಬಂದ. ಕೇಳಿದೆ, "ಖರೆ ಹೇಳು, ಹಾದ್ಯಾಗ ಒಬ್ರನ್ನ ಎಲ್ಯರ ಇಳಿಸಿ ಬಂದ್ಯೇನು?"

"ಮನಶಾರು ಏನು ಶೇಂಗಾ ಚೀಲೇನ್ರಿ, ಹಾದ್ಯಾಗ ಸೋರಾಕ?" ಅಂದ ಅವ.

ಸಾಹೇಬ್ರಿಗೆ ಹೇಳಿಬಿಟ್ಟಿದ್ರ ಎಲ್ಲಾ ಅಲ್ಲೇ ಮುಗೀತಿತ್ತು. ಹೇಳಲಿಲ್ಲ. ಮುಂಜಾನೆ ಮಗನ ತಲಿ ಕೆಡಿಸಿದ್ದೆ. ಮಧ್ಯಾಹ್ನ ಹೋಗಿ ಒಬ್ಬ ಮನಶಾನ್ನ ಕಳಕೊಂಡೆ ಅಂತ ಯಾವ ಬಾಯಿಲೆ ಹೇಳಲಿ? ಮುದುಕಿ ಮೊಮ್ಮಗ ಓದೂದು ಕೇಳಬೇಕಂತ ಜೀವ ಹಿಡಕೊಂಡು ಕುಂತಾಳ. ಒಬ್ಬವ ಕಡಿಮಿ ಬಿದ್ದ ಅಂತ ಗ್ರಂಥ ತಗೀಲಿಲ್ಲಂದ್ರ, ಆಕಿ ಹೊಟ್ಯಾಗ ಬೆಂಕಿ ಹಾಕಿದವ ನಾನ ಆಗ್ತೀನಿ. ವೇಟಿಂಗ್ ರೂಮು ನೋಡಿದೆ. ಬೆಂಚಿನ ಕೆಳಗ ಬಗ್ಗಿ ನೋಡಿದೆ. ಸ್ಟೇಷನ್ನಿನ ಹಮಾಲ ಕೇಳಿದ, "ಏನು ಕಳದೈತ್ರಿ?" ಅಂತ.

"ಒಬ್ರು ಹಿರೇರು" ಅಂದೆ.

ಅವ ಪಾಪ, ಕಸದ ಡಬ್ಬಿ ಹಿಂದನೂ ಹಣಿಕಿ ಹಾಕಿದ.

ಒಲಿ

ಶಿರಹಟ್ಟಿ ಅಡಗಿಯವ ಭಾಳ ಸಿಟ್ಟಿನ ಮನಶಾ. ಹಿತ್ತಲದಾಗ ಎರಡು ದೊಡ್ಡ ಒಲಿ ಹೂಡಿ, ಕುಂಕಮ ಹಚ್ಚಿ, ಕಾಯಿ ಒಡದು ಬೆಂಕಿ ಹಚ್ಚಿದ್ದ. "ಕಾರ್ಯದ ಮನಿ ಒಲಿ ಒಮ್ಮೆ ಹತ್ತಿತಂದ್ರ ಕಾರ್ಯ ಮುಗಿಯೂ ತನಕಾ ಆರಬಾರದು. ಆರಿದ್ರ ಮನಿತನಕ್ಕ ಛಲೋ ಅಲ್ಲ. ನೋಡ್ಕೋರಿ ಮತ್ತ" ಅಂತ ನನಗ ಬೆರಳು ಮಾಡಿ ಹೇಳಿದ. ಒಲಿ ಮ್ಯಾಲ ಮರುದಿನದ ಊಟದ ಪಾತ್ರಿ ಕುದೀತಿದ್ವು.

ಹೊತ್ತು ಇಳಿಯೂ ಹೊತ್ತಿಗೆ ಅಜ್ಜ್ಯಾರು ನನ್ನ ಒಳಗ ಕರದ್ರು. "ಇನ್ನ ಸ್ವಲ್ಪದ್ರಾಗ ನಾ ದೀಪಾ ಹಚ್ಚತೀನಿ. ಆಮ್ಯಾಲ ನಾಳೆ ಸಂಜಿ ಚುಕ್ಕಿ ಮೂಡೂ ತನಕಾ ಈ ಮನ್ಯಾಗ ಯಾರೂ ಬೆಂಕಿ ಹಚ್ಚಬಾರದು. ಅಡಗಿಯವಗ ತಿಳಿಸಿ ಹೇಳು" ಅಂದ್ರು.

ಗೊತ್ತಾತ್ರಿ ಅಂದು ಹೊರಗ ಬಂದೆ. ಅಡಗಿಯವ ಒಲಿ ಆರಬಾರದು ಅಂತಾನ, ಇವರು ಬೆಂಕಿ ಬ್ಯಾಡ ಅಂತಾರ. ಇಬ್ಬರಿಗೂ ಜಗಳ ಹತ್ತಿತಂದ್ರ ಅಡಗಿಯವ ಸೌಟು ಒಗದು ಶಿರಹಟ್ಟಿಗೆ ಹೋಗ್ತಾನ. ಜಗಳ ಆಗೂಕ್ಕಿಂತ ಮೊದಲ ನಾನ ಬಗೀಹರಸ್ತೀನಿ ಅಂತ, ಅಡಗಿಯವ ಕೈಕಾಲು ತೊಳಿಯಾಕ ಹೋದಾಗ, ಎರಡು ಕೊಡ ನೀರು ಎತ್ತಿ ಎರಡೂ ಒಲಿಗೆ ಸುರುವಿದೆ.

ಚುಂಯ್ ಅಂತ ಹೊಗಿ ಎದ್ದಿತು. ಬೂದಿ ಹಾರಿ ಅನ್ನದ ಪಾತ್ರ್ಯಾಗ ಬಿತ್ತು, ಬ್ಯಾಳಿ ಪಾತ್ರ್ಯಾಗ ಬಿತ್ತು. ಆ ಕಡಿಯಿಂದ ಅಡಗಿಯವ ಓಡಿ ಬಂದ, ಈ ಕಡಿಯಿಂದ ಅಜ್ಜ್ಯಾರು ಗ್ವಾಡಿ ಹಿಡಕೊಂಡು ಬಂದ್ರು.

"ಕಾರ್ಯದ ಮನಿ ಒಲಿ ಆರಿಸಿದ್ಯಲ್ಲೋ ಪಾಪಿ!" ಅಂತ ಅವ ಎದಿ ಬಡಕೊಂಡ.

"ಅಜ್ಜ್ಯಾರ ಬೆಂಕಿ ಬ್ಯಾಡ ಅಂದ್ರು..." ಅಂದೆ.

"ಹೊಸಾದಾಗಿ ಹಚ್ಚಬಾರದು ಅಂದೆ! ಉರಿಯೂದನ್ನ ಆರಸು ಅಂತ ಯಾರು ಹೇಳಿದ್ರು?" ಅಂದ್ರು ಅಜ್ಜ್ಯಾರು. "ಮೊದಲ ಹಚ್ಚಿದ್ದು ಉರಕೊಂತ ಇರಬೇಕು, ಅದರ ಮ್ಯಾಲ ನಾಳಿನ ಊಟ ಬೆಚ್ಚಗ ಇರಬೇಕು. ಅದನ್ನ ಮುಟ್ಟಾಕ ಸಹಾ ಹೋಗಬಾರದು. ಅಡಗಿಯವ ಛಲೋ ಮನಶಾ, ತಾನ ತಿಳಕೊಂಡು ದೊಡ್ಡ ಬೆಂಕಿ ಮಾಡಿಟ್ಟಾನ ಅಂತ ಖುಷಿ ಪಟ್ಟಿದ್ದೆ!"

ಅಂದ್ರ ಇಬ್ಬರ ಮಾತೂ ಒಂದ ಇತ್ತು. ಹೇಳದನ ಬಿಟ್ಟಿದ್ರ ಸಾಕಿತ್ತು. ಇನ್ನೊಮ್ಮೆ ಹಚ್ಚೂಣು ಅಂದ್ರ ಅಜ್ಜ್ಯಾರ ದೀಪಾ ಹಚ್ಚಿ ಆಗಿತ್ತು. ಆ ಎಂಟು ಮಂದಿ ದೊಡ್ಡವರು ಅವತ್ತೂ ಮರುದಿನಾನೂ ಒಣಗಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಸರು ತಿಂದ್ರು. ಪಾಪ, ಒಬ್ರೂ ಒಂದು ಮಾತು ಆಡಲಿಲ್ಲ.

ಜಗಳ ಆಡ್ತಾರ ಅಂತ ನಾ ಹೆದರಿದ ಇಬ್ಬರು ಒಂದ ಕಡಿ ನಿಂತು ನನ್ನ ಬೈದ್ರು. ಅವರು ಮರಾಠಿಯೊಳಗ, ಇವ ಕನ್ನಡದಾಗ. ನನ್ನ ದುರ್ದೈವ, ನನಗ ಎರಡೂ ಭಾಷಾ ಛಲೋ ಬರ್ತಾವ.

ಮ್ಯಾಳ ಕುಂತಿತು

ರವಿವಾರ ಊಟಕ್ಕ ಮ್ಯಾಳ ಹೇಳು ಅಂದಿದ್ರು ಸಾಹೇಬ್ರು. ಕಾರ್ಯದ ದಿನ ಸನಾದಿ ಇಲ್ಲಂದ್ರ ಹೆಂಗ ಅಂತ ನಾನ ಶ್ಯಾಣ್ಯಾತನ ಮಾಡಿ, ಮುಂಡರಗಿ ಮ್ಯಾಳದವರಿಗೆ ಶನಿವಾರ ಮುಂಜಾನೆನ ಬರ್ರಿ ಅಂದಿದ್ದೆ. ನಾಕು ಮಂದಿ ಬಂದ್ರು. ಸನಾದಿಯವ ಬಾಯಿಗೆ ಹಚ್ಚೂದು, ಸಾಹೇಬ್ರು ಕಿಟಕ್ಯಾಗಿಂದ ಕೈ ಬೀಸಿ ಬ್ಯಾಡ ಬ್ಯಾಡ ಅನ್ನೂದು ಒಂದ ಆತು. ಅವರಾಗ ಶನಿವಾರ ವಾದ್ಯ ಬಾರಿಸಂಗಿಲ್ಲ. ನಾ ಹಾರಿ ಹೋಗಿ ಸನಾದಿ ಬಾಯಿಗೆ ಅಂಗೈ ಅಡ್ಡ ಇಟ್ಟೆ.

"ಇವತ್ತ ಊದಬ್ಯಾಡ್ರಿ."

"ಮತ್ತ ಯಾಕ ಕರಸಿದ್ರಿ?"

"ಸುಮ್ಮ ಕುಂಡ್ರಿ."

ಎಲಿ ಅಡಿಕಿ ಇಸಗೊಂಡು ಬಂದ ಕಲಾವಂತರಿಗೆ ಊದಬ್ಯಾಡ ಅಂದ್ರ ಅದಕ್ಕಿಂತ ಅಪಮಾನ ಇಲ್ಲ. ಅವರು ಮನಿ ಮುಂದ ಸಾಲಾಗಿ ಕುಂತ್ರು. ವಾದ್ಯ ತೊಡಿ ಮ್ಯಾಲ, ತಲಿ ಕೆಳಗ.

ಸ್ವಲ್ಪ ಹೊತ್ತಿಗೆ ಎದುರು ಮನಿ ಗೌಡ್ರು ಬಂದ್ರು. ಮಾರಿ ಸಣ್ಣದ ಆಗಿತ್ತು, ಕೈಯಾಗ ಒಂದು ಹೂವಿನ ಮಾಲಿ. ಅವರ ತಪ್ಪಲ್ಲರಿ. ಮನ್ಯಾಗ ಒಲಿ ಹತ್ತಿಲ್ಲ, ಹೊಗಿ ಇಲ್ಲ. ಕಟ್ಟಿ ಮ್ಯಾಲ ಪರ ಊರಿನ ಗಂಡಸರು ಮಾತಿಲ್ಲದ ಕುಂತಾರ. ಮ್ಯಾಳದವರು ತಲಿ ಬಗ್ಗಿಸ್ಕೊಂಡಾರ. ನಾನ ನೋಡಿದ್ರೂ ಯಾರೋ ಹೋಗ್ಯಾರ ಅಂತ ತಿಳಕೊಂತಿದ್ದೆ.

ಗೌಡ್ರು ನನ್ನ ಹೆಗಲ ಮ್ಯಾಲ ಕೈ ಇಟ್ಟು, "ಯಾವಾಗ ಆತು?" ಅಂದ್ರು.

"ಇನ್ನ ಆಗಬೇಕ್ರಿ" ಅಂದೆ, "ಒಂಬತ್ತಕ್ಕ."

ಗೌಡ್ರು ಎರಡು ಹೆಜ್ಜಿ ಹಿಂದ ಸರದ್ರು. "ಒಂಬತ್ತಕ್ಕ?"

"ಹೌದ್ರಿ. ಎಲ್ಲಾ ತಯಾರಿ ಆಗೈತಿ. ಅಜ್ಜ್ಯಾರು ಜಳಕಾ ಮಾಡಿ, ಹೊಸಾ ಸೀರಿ ಉಟಗೊಂಡು ಅದನ್ನ ಕಾಯಕೊಂತ ಕುಂತಾರ."

ಅಷ್ಟ್ರಾಗ ಖರೇನ ಅಜ್ಜ್ಯಾರು ಹೊಸಾ ಸೀರಿ ಉಟಗೊಂಡು ಬಾಗಲಿಗೆ ಬಂದ್ರು. ಹೂವಿನ ವಾಸನಿ ಹಿಡದು, "ನನ್ನ ಮೊಮ್ಮಗನ ಕಾರ್ಯಕ್ಕ ಮಾಲಿ ತಂದ್ಯೇನಪಾ? ದೇವರು ನಿನಗ ನೂರು ವರ್ಷ ಆಯುಷ್ಯ ಕೊಡ್ಲಿ" ಅಂದು ಕೊಳ್ಳು ಮುಂದ ಮಾಡಿದ್ರು. ಗೌಡ್ರು ಮಾಲಿ ಹಾಕಿದ್ರು. ನಾ ಹಂದರದ ಗಳ ಹಿಡಕೊಂಡು ನಿಂತಿದ್ದೆ. ಎಲ್ಲಿ ನೋಡಬೇಕಂತ ತಿಳೀಲಿಲ್ಲ.

ಸನಾದಿಯವ ತಲಿ ಎತ್ತಿ ಹೇಳಿದ, "ಯಜಮಾನ್ರ, ಇದಕ್ಕಿಂತ ನಾವು ಊದಿದ್ರ ಛಲೋ ಇತ್ತಲ್ರಿ."

ಹತ್ತನೆಯವ

ಒಂಬತ್ತು ಆಗಾಕ ಬಂತು. ರಾತ್ರಿ ಎಲ್ಲಾ ನನಗ ನಿದ್ದಿ ಇಲ್ಲ, ಒಂದ ಲೆಕ್ಕ. ಎಂಟು, ಸಾಹೇಬ್ರು ಒಂಬತ್ತು. ಗ್ರಂಥ ತಗಿಯಾಕ ಕುಂತು ಎಣಿಸ್ತಾರ, ಒಬ್ಬವ ಕಡಿಮಿ ಅಂತ ಗೊತ್ತಾಗತೈತಿ, ಮುದುಕಿ ಎದಿ ಹಿಡಕೊಂಡು ಬೀಳ್ತಾಳ. ನಮ್ಮ ಗೂಡ್ಸ್ ಆಫೀಸಿನ್ಯಾಗ ಒಂದು ಚೀಲ ಕಡಿಮಿ ಬಿದ್ರ ಏನು ಮಾಡ್ತೀವಿ? ಮಗ್ಗಲಿನ ರಾಶ್ಯಾಗಿಂದ ಒಂದು ತಂದು ಇಡ್ತೀವಿ.

ಹಂದರದವನ ಕಡಿ ಹೋದೆ. ಲಕ್ಷ್ಮೇಶ್ವರದವ, ಮರಾಠಿ ಬರ್ತಿತ್ತು, ದೊಡ್ಡವರಂಗ ಕಾಣ್ತಿದ್ದ. "ನಿನ್ನ ಕಾಲಿಗೆ ಬೀಳ್ತೀನಿ, ಒಂದು ತಾಸು ಒಳಗ ಬಂದು ಕುಂಡ್ರು" ಅಂದೆ. "ಅವರು ಎದ್ರ ಏಳು, ಕುಂತ್ರ ಕುಂಡ್ರು. ಮಾತಾಡಬ್ಯಾಡ. 'ಆಮೆನ್' ಅಂದ್ರ ನೀನೂ ತುಟಿ ಅಲುಗಾಡಸು."

ಅವ ಕೈ ಚಾಚಿದ. "ಇದಕ್ಕ ಬ್ಯಾರೆ ಎಲಿ ಅಡಿಕಿ ಬೇಕ್ರಿ. ಹಂದರದ್ದು ಬ್ಯಾರೆ, ಇದು ಬ್ಯಾರೆ. ಏನು ಕಾರ್ಯ ಇದು?"

"ಕುಂಡ್ರೂ ಕಾರ್ಯ."

ಎಲಿ ಕೊಟ್ಟೆ. ನನ್ನ ಕೋಟು ತೊಡಿಸಿದೆ, ಗುಂಡಿ ಹತ್ತಲಿಲ್ಲ. ನನ್ನ ಕರಿ ಟೊಪಿಗಿ ಹಾಕಿದೆ. ಹಿಂದಿನ ಸಾಲಿನ ಮೂಲ್ಯಾಗ ಕುಂಡ್ರಿಸಿದೆ. ಸಾಹೇಬ್ರು ಮುಂದ ಇದ್ರು, ಬೆನ್ನು ಈ ಕಡಿ. ಬಂದವರು, ಸಾಹೇಬ್ರ ಕಡಿಯವ ಇರಬೇಕು ಅಂತ ಇವಗ ನಮಸ್ಕಾರ ಮಾಡಿದ್ರು. ಇವನೂ ಗಂಭೀರಲೆ ಮಾಡಿದ. ನಾ ಬಾಗಲಾಗ ನಿಂತೆ. ಅಜ್ಜ್ಯಾರು ಮಗ್ಗಲ ಕುರ್ಚ್ಯಾಗ, ಕೊಳ್ಳಾಗ ಗೌಡ್ರ ಮಾಲಿ, ಎರಡೂ ಕೈ ಒಂದರಾಗ ಒಂದು ಹೆಣಕೊಂಡು ಕುಂತಿದ್ರು.

ಗ್ರಂಥ ತಗದ್ರು. ನನ್ನ ಜೀವ ಬಂತು. ಹಿರೇರು ಪ್ರಾರ್ಥನಿ ಅಂದ್ರು, ಎಲ್ಲಾರೂ "ಆಮೆನ್" ಅಂದ್ರು. ಹಂದರದವ ತುಟಿ ಅಲುಗಾಡಿಸಿದ. ಹುಡುಗ ಟೊಪಿಗಿ ಹಾಕ್ಕೊಂಡು ಮುಂದ ಬಂದು ನಿಂತ. ಓದೂಕ್ಕಿಂತ ಮೊದಲಿನ ಮಂತ್ರ ರಾಗವಾಗಿ ಅಂದ. ಅಜ್ಜ್ಯಾರ ಕಣ್ಣಾಗ ನೀರು. ಎಂಥಾ ರಾಗ ಇತ್ತರಿ ಅದು, ಭಾಷಾ ತಿಳೀದಿದ್ರೂ ಮೈ ಮ್ಯಾಲ ಮುಳ್ಳು ಬಂದ್ವು. ಹಂದರದವನೂ ಮೈ ಮರತ. ಮಂತ್ರ ಮುಗೀತು, ಎಲ್ಲಾರೂ "ಆಮೆನ್" ಅಂದ್ರು, ಅವ ಎರಡೂ ಕೈ ಮ್ಯಾಲ ಎತ್ತಿ, ಹಂದರ ನಡಗೂವಂಗ ಕೂಗಿದ:

"ಹರಹರ ಮಹಾದೇವ!"

ಹುಡುಗ ನಿಂತ. ಎಂಟು ಟೊಪಿಗಿ ಹಿಂದಕ್ಕ ತಿರಗಿದ್ವು. ಸಾಹೇಬ್ರು ತಿರಗಿ ನೋಡಿ, "ಹಂದರದವ ಅಲ್ಲೇನು ಇವ?" ಅಂದ್ರು.

ಇನ್ನ ಮುಚ್ಚೂದು ಏನು ಉಳೀತು? ಅಜ್ಜ್ಯಾರ ಮುಂದ ನೆಲಕ್ಕ ಕುಂತೆ. "ತಪ್ಪಾತ್ರಿ ಅವ್ವಾರ. ಹತ್ತು ಮಂದಿ ಬೇಕು ಅಂದಿದ್ರು. ನಿನ್ನಿ ಗಾಡಿಗೆ ಎಂಟ ಮಂದಿ ಇಳದ್ರು. ಒಬ್ರನ್ನ ನಾ ಎಲ್ಲೋ ಕಳಕೊಂಡೆ. ಹೇಳಾಕ ಧೈರ್ಯ ಆಗಲಿಲ್ಲ. ನಿಮ್ಮ ಮೊಮ್ಮಗ ಓದೂದು ನಿಲ್ಲಬಾರದು ಅಂತ, ಎಲಿ ಅಡಿಕಿ ಕೊಟ್ಟು ಹತ್ತನೆಯವನ್ನ ತಂದೆ."

ಅಜ್ಜ್ಯಾರು ಕೈ ಚಾಚಿ ಮೊಮ್ಮಗನ್ನ ಹತ್ರ ಎಳಕೊಂಡ್ರು.

"ಎಂಟು ಮಂದಿ, ನನ್ನ ಮಗ ಒಂಬತ್ತು" ಅಂದ್ರು. "ಹತ್ತನೆಯವ ಇವ. ಹದಿಮೂರು ತುಂಬಿದ ಮ್ಯಾಲ ಇವನೂ ಹತ್ತರಾಗ ಒಬ್ಬ. ಗಂಡಸಂತ ಎಣಿಸ್ತಾರ. ಈ ಕಾರ್ಯ ಅದಕ್ಕ ಅಲ್ಲೇನು, ಹುಚ್ಚಪ್ಪಾ? ಹಂದರ ಹಾಕಿಸಿದಿ, ತಲಿ ಬೋಳಿಸಿದಿ, ಒಲಿ ಆರಿಸಿದಿ, ಎಲ್ಲಾ ಮಾಡಿದಿ. ಯಾರ ಸಲುವಾಗಿ ಇದೆಲ್ಲಾ, ಅವನ್ನೊಬ್ಬನ್ನ ಎಣಸಲಿಲ್ಲ ನೋಡು!"

ನಾ ಹುಡುಗನ ಮಾರಿ ನೋಡಿದೆ. ಅವ ನನ್ನ ನೋಡಿದ. ಹತ್ತನೆಯವ! ನಿನ್ನಿಯಿಂದ ನನ್ನ ಕಣ್ಣ ಮುಂದ ಓಡ್ಯಾಡಿದವ, ನಾನ ತಲಿ ಗಟ್ಟಿ ಹಿಡದವ. ಅತ್ತಬಿಟ್ಟೆ ನಾ, ಸುಳ್ಳ್ಯಾಕ ಹೇಳ್ಲಿ.

"ಈ ಕಾರ್ಯ ಏನು ಅಂತ ನನ್ನ ಮಗನ್ನ ಒಮ್ಮೆರ ಕೇಳಿದ್ಯೇನು?" ಅಂದ್ರು ಅಜ್ಜ್ಯಾರು.

"ಇಲ್ಲರಿ."

"ಯಾಕ?"

"ಕೇಳಿದ್ರ ನನಗ ಗೊತ್ತಿಲ್ಲ ಅಂತ ಗೊತ್ತಾಗ್ತಿತ್ತರಿ."

ಮೊದಲ ಹುಡುಗ ನಕ್ಕ. ಆಮ್ಯಾಲ ಸಾಹೇಬ್ರು. ಅಜ್ಜ್ಯಾರು ನಗೂದು ನೋಡಿ ಎಂಟೂ ಮಂದಿ ನಕ್ರು. ಹಿಂದಿನ ಮೂಲ್ಯಾಗ ಹಂದರದವ ಅರ್ಧಾ ಎದ್ದು, ಕೋಟಿನ ಗುಂಡಿ ಹಿಡಕೊಂಡು ನಿಂತಿದ್ದ. "ಅವ್ವಾರ, ಹಂಗಾರ ನಾ ಹೋಗಲ್ಯಾ? ಖರೆ, ಎಲಿ ಅಡಿಕಿ ಇಸಗೊಂಡೇನ್ರಿ."

"ಇಸಗೊಂಡ ಮ್ಯಾಲ ಕುಂಡ್ರಪಾ" ಅಂದ್ರು ಅಜ್ಜ್ಯಾರು, ಕಣ್ಣು ಒರಸ್ಕೊಂತ. "ಕೇಳಾಕ ಎಷ್ಟು ಮಂದಿ ಇದ್ರೂ ಬ್ಯಾಡ ಅನ್ನಂಗಿಲ್ಲ. ನನ್ನ ಮುಂದ ನೆಲಕ್ಕ ಕುಂತಾನಲ್ಲ, ಇವನ್ನೂ ನಿನ್ನ ಮಗ್ಗಲ ಕುಂಡ್ರಿಸ್ಕೋ." ಆಮ್ಯಾಲ ಮೊಮ್ಮಗನ ಬೆನ್ನು ತಟ್ಟಿ, ಓದು ಅಂದ್ರು. ಓದೂಕ್ಕಿಂತ ಮೊದಲ ಎಲ್ಲಾರಿಗೂ ಕೇಳೂವಂಗ ಹಂದರದವಗ ನನ್ನ ಬಗ್ಗೆ ಇನ್ನೊಂದು ಮಾತು ಹೇಳಿದ್ರು:

"ಅವನ ಎರಡೂ ಕೈ ಮಾತ್ರ ಗಟ್ಟಿ ಹಿಡಕೊಂಡಿರು."